ಆರಿದ್ರಾ ನಕ್ಷತ್ರದ ಅಳತೆ

ಆರಿದ್ರಾ ಮಳೆ ಯಾವಾಗ ಹುಟ್ಟುತ್ತದೆ ಎಂದು ನಮ್ಮ ದೊಡ್ಡೇರಿ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಆರಿದ್ರಾ ನಕ್ಷತ್ರ ಎಲ್ಲಿದೆ ಎಂದು ಕೇಳಿ ನೋಡಿ, ಸುಮ್ಮನೆ ನಿಮ್ಮ ಮುಖ ನೋಡುತ್ತಾರೆ. ನಾನೂ ಹಾಗೇ ಇದ್ದವನು. ರೋಹಿಣಿ, ಮೃಗಶಿರ, ಆರಿದ್ರಾ ಎಲ್ಲ ನನ್ನ ಪಾಲಿಗೆ ಮಳೆಯ ಹೆಸರುಗಳು, ಕಡಲೆಕಾಯಿ ಬಿತ್ತುವುದಕ್ಕೆ ಹೊತ್ತು ಹೇಳುವ ಮಾತುಗಳು. ಅವು ಬೆರಳು ಮಾಡಿ ತೋರಿಸಬಹುದಾದ ಚುಕ್ಕಿಗಳು ಎಂದು ನನಗೆ ತಿಳಿದದ್ದು ಈ ಸಂಕ್ರಾಂತಿ ಕಳೆದ ಮೇಲೆ, ನನ್ನ ಅಕ್ಕನ ಮಗನಿಂದ. ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ. ಮಧುಗಿರಿಯ ಒಂದು ಶಾಲೆಯ ವ್ಯಾನಿನ ಡ್ರೈವರು. ಡ್ರೈವರು ಆಗಿದ್ದೆ ಎನ್ನಬೇಕೋ ಏನೋ, ಆ ವಿಷಯ ಆಮೇಲೆ ಬರುತ್ತದೆ. ಮಕ್ಕಳನ್ನು ಇಳಿಸಿ, ಸಂಜೆಯ ಗಂಟೆ ಹೊಡೆಯುವವರೆಗೆ ವ್ಯಾನು ಶಾಲೆಯ ಪಕ್ಕದ ಹೊಂಗೆ ಮರದ ಕೆಳಗೆ ನಿಂತಿರುತ್ತದೆ. ಅದರಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ಸಾಲು ಬರೆಯುತ್ತೇನೆ, ಇಳಿದು ಗಾಜು ಒರೆಸುತ್ತೇನೆ, ಟೈರು ಒದ್ದು ನೋಡುತ್ತೇನೆ, ಮತ್ತೆ ಹತ್ತಿ ಕೂರುತ್ತೇನೆ. ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.

ಅಕ್ಕ ನನಗಿಂತ ದೊಡ್ಡವಳು. ಓದಿ ಮೇಡಮ್ಮಾದಳು, ಪಕ್ಕದ ಊರಿನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಭಾವನಿಗೆ ಪಾವಗಡದಲ್ಲಿ ಕೆಲಸ, ಭಾನುವಾರ ಮಾತ್ರ ಬರುತ್ತಾರೆ. ಅವರ ಮನೆ ಒಂದು ಬೀದಿಯಲ್ಲಿ, ನಮ್ಮದು ಹಿಂದಿನ ಬೀದಿಯಲ್ಲಿ. ಹಾಗಾಗಿ ಹುಡುಗ ಅರ್ಧ ನಮ್ಮ ಮನೆಯಲ್ಲೇ ಬೆಳೆದ. ಈಗ ಹುಡುಗನೇನಲ್ಲ, ಮೀಸೆ ಬಂದಿದೆ, ಮಧುಗಿರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಾನೆ.

ಅವನ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟು ಕೊಟ್ಟಿದ್ದರು. ಆಕಾಶದ ಕೆಲವು ದೊಡ್ಡ ಚುಕ್ಕಿಗಳನ್ನು ಬರಿಗಣ್ಣಿನಲ್ಲಿ ನೋಡಿ, ಅವುಗಳ ಗಾತ್ರ ಎಷ್ಟೆಂದು ಲೆಕ್ಕ ಹಾಕಿ ತರಬೇಕು. ಇದನ್ನು ಕೇಳಿದಾಗ ನನಗೆ ನಗು ಬಂತು.

"ಅಲ್ಲಿಗೆ ಟೇಪ್ ಹಿಡ್ಕೊಂಡ್ ಯಾರ್ ಹೋಗ್ತಾರ್ಲಾ?" ಅಂದೆ.

"ಟೇಪ್ ಬ್ಯಾಡ ಮಾವ. ಬಾ, ತೋರಿಸ್ತೀನಿ" ಅಂದ.

ಊರ ಹಿಂದೆ ಒಂದು ದೊಡ್ಡ ಬಂಡೆಯಿದೆ, ರಾಗಿ ಬಡಿಯುವವರು ಕಣ ಮಾಡಿಕೊಳ್ಳುವಷ್ಟು ಅಗಲ. ಕತ್ತಲಾಗುತ್ತಿದ್ದಂತೆ ಅದರ ಮೇಲೆ ಹೋಗಿ ಕೂತೆವು. ಕೆಳಗೆ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಯಾರೋ ಟ್ರಾಲಿಗೆ ಬೆಸುಗೆ ಹಾಕುತ್ತಿದ್ದರು. ಅದರ ಪಕ್ಕದ ಹೊಲದಲ್ಲೇ ಇಟ್ಟಿಗೆ ಗೂಡಿಗೆ ಬೆಂಕಿ ಕೊಟ್ಟಿದ್ದರು.

"ಎರಡೂ ನಮಗೆ ಒಂದೇ ದೂರ. ಯಾವುದು ಜಾಸ್ತಿ ಬೆಳಕು, ಹೇಳು" ಅಂದ.

ನೋಡಿದೆ. "ಎರಡೂ ಹೆಚ್ಚೂ ಕಮ್ಮಿ ಒಂದೇ ಅಂಗೆ ಐತೆ."

"ಯಾವುದು ಜಾಸ್ತಿ ಬಿಸಿ?"

"ವೆಲ್ಡಿಂಗು. ಕಬ್ಬಿಣ ನೀರಾಗೋಯ್ತದೆ ಅಲ್ಲಿ."

"ಬಿಸಿ ಜಾಸ್ತಿ ಇರೋದು ಸಾಸಿವೆಯಷ್ಟು ಜಾಗ ಇದ್ರೂ ಸಾಕು, ಕಣ್ಣು ಕುಕ್ಕೋ ಅಷ್ಟು ಬೆಳಕು ಕೊಡ್ತದೆ. ಕೆಂಡದ ಬಿಸಿ ಕಮ್ಮಿ. ಅದು ಇಲ್ಲಿಗೆ ಅಷ್ಟೇ ಬೆಳಕು ಕಳಿಸ್ಬೇಕು ಅಂದ್ರೆ?"

"ಕೆಂಡ ರಾಶಿ ಇರ್ಬೇಕು."

"ಅಷ್ಟೇ ಮಾವ! ಇದೇ ಲೆಕ್ಕ!" ಎಂದು ನನ್ನ ತೊಡೆಯ ಮೇಲೆ ಹೊಡೆದ. ಬಿಸಿ ಎರಡು ಪಟ್ಟಾದರೆ ಅಷ್ಟೇ ಜಾಗದಿಂದ ಹೊರಡುವ ಬೆಳಕು ಹದಿನಾರು ಪಟ್ಟಾಗುತ್ತದಂತೆ. ಹಾಗಾಗಿ ಒಂದು ನಕ್ಷತ್ರ ಎಷ್ಟು ಬಿಸಿ, ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ, ಇವೆರಡು ಗೊತ್ತಾದರೆ ಅದರ ಮೈ ಎಷ್ಟು ಅಗಲ ಎಂದು ಮನೆಯಲ್ಲೇ ಕೂತು ಹೇಳಬಹುದು. ದೂರ ಎಷ್ಟು ಎನ್ನುವುದು ಪುಸ್ತಕದಲ್ಲಿದೆ. ಕಣ್ಣಿಗೆ ಕಾಣುವ ಹೊಳಪಿನ ಜೊತೆ ಆ ದೂರ ಸೇರಿಸಿದರೆ ಒಟ್ಟು ಬೆಳಕು ಸಿಗುತ್ತದೆ.

"ಬಿಸಿ ಹೆಂಗೆ ಗೊತ್ತಾಯ್ತದೆ?" ಅಂದೆ.

"ಬಣ್ಣದಿಂದ. ನೀಲಿ ಇದ್ರೆ ಬಲು ಬಿಸಿ. ಬಿಳಿ, ಆಮೇಲೆ ನಮ್ಮ ಸೂರ್ಯನಂಗೆ ಹಳದಿ. ಕೆಂಪು ಇದ್ರೆ ಎಲ್ಲಕ್ಕಿಂತ ಕಮ್ಮಿ ಬಿಸಿ."

ಬಣ್ಣ ಎಂಬ ಮಾತು ಕೇಳಿದ ತಕ್ಷಣ ನಾನು ಬೀಡಿ ಹಚ್ಚಿದೆ.

ಅವನು ತಲೆಯ ಮೇಲೆ ಬೆರಳು ಮಾಡಿದ. ಸಾಲಾಗಿ ಮೂರು ಚುಕ್ಕಿ, ನಮ್ಮ ಅಪ್ಪ ಅದನ್ನು ಬೀಜ ಬಿತ್ತುವ ಕೂರಿಗೆ ಅನ್ನುತ್ತಿದ್ದ. ಅದರ ಒಂದು ಕಡೆ ಹೊಳೆಯುತ್ತಿದ್ದುದೇ ಆರಿದ್ರಾ. ನಾವು ಜೀವಮಾನವೆಲ್ಲ ಯಾವ ಹೆಸರಿನ ಮಳೆಗೆ ಕಾದೆವೋ ಆ ಚುಕ್ಕಿ. ಆಚೆ ಕಡೆ ಕೆಳಗೆ ಇನ್ನೊಂದು, ಅಷ್ಟೇ ಹೊಳಪಿನದು. ಅವನು ಆರಿದ್ರೆಯನ್ನು ಒಂದು ಕಣ್ಣು ಮುಚ್ಚಿ, ಎರಡೂ ಕಣ್ಣು ಬಿಟ್ಟು, ತಲೆ ವಾರೆ ಮಾಡಿ ನೋಡಿದ. ಪಾಪ, ಎಷ್ಟು ಹೊತ್ತು ನೋಡಿದ.

"ಕೆಳಗಿಂದು ನೀಲಿ ಬಿಳುಪು, ಡೌಟಿಲ್ಲ. ಇದು ಹಳದಿ ಅನ್ಸ್ತದೆ, ಸೂರ್ಯನ ತರ. ನಿಂಗೆ ಹೆಂಗ್ ಕಾಣ್ತದೆ ಮಾವ?"

ನನಗೂ ಹಳದಿಯಾಗೇ ಕಾಣುತ್ತಿತ್ತು. ಆದರೆ ನನ್ನ ಕಣ್ಣಿಗೆ ಏನು ಕಂಡರೂ ನಾನು ಮೊದಲು ಬೇರೆಯವರ ಬಾಯಿ ನೋಡುವವನು. "ನಿಂಗೆ ಹೆಂಗ್ ಕಾಣ್ತದೋ ಅಂಗೇಯ" ಅಂದೆ. ನನ್ನ ಕಣ್ಣಿಗೆ ಕಂಡಂತೆಯೇ ಅವನ ಕಣ್ಣಿಗೂ ಕಾಣುತ್ತಿದ್ದರೆ ಅದರ ಅರ್ಥವೇನು ಎಂದು ನಮ್ಮ ಮನೆಯವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನನಗೆ ಕೆಂಪು, ಹಸಿರು, ಕಂದು ಇವು ಬೇರೆಬೇರೆಯಾಗಿ ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಎಲ್ಲರಿಗೂ ಹೀಗೇ ಎಂದುಕೊಂಡಿದ್ದೆ. ಹಣ್ಣು ಮೆಣಸಿನಕಾಯಿ ಬಿಡಿಸಲು ಬಿಟ್ಟರೆ ಕಾಯಿಯನ್ನೂ ಸೇರಿಸಿ ಬಿಡಿಸುತ್ತಿದ್ದೆ. ಗಮನವಿಲ್ಲ, ಸೋಮಾರಿ ಎಂದು ಬೈಸಿಕೊಂಡೆ. ಬೈಸಿಕೊಳ್ಳುವುದು ಸುಲಭವಾಗಿತ್ತು. ಕಣ್ಣು ಸರಿಯಿಲ್ಲ ಎನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಎನ್ನಿಸಿಕೊಳ್ಳುವುದೇ ಗಂಡಸಿಗೆ ಮೇಲು ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಅಕ್ಕನಿಗೆ ಈ ಮಗ ಹೊಟ್ಟೆಯಲ್ಲಿದ್ದಾಗ ಪಾವಗಡದಲ್ಲಿ, ಅವಳ ಗಂಡನ ಮನೆಯಲ್ಲಿ ಸೀಮಂತ ಮಾಡಿದರು. ಸೀಮಂತಕ್ಕೆ ತವರಿನ ಹಸಿರು ಸೀರೆ, ಹಸಿರು ಬಳೆ ಹೋಗಬೇಕು. ಅಪ್ಪನಿಗೆ ಮೈ ಹುಷಾರಿರಲಿಲ್ಲ. ನಾನು ಶಿರಾಕ್ಕೆ ಹೋಗಿ ಸೀರೆ ತರಬೇಕಾಯಿತು. ಅಂಗಡಿಯವನಿಗೆ ಹಸಿರು ಎಂದು ಹೇಳಿದೆ, ಅವನು ಹಸಿರನ್ನೇ ಹಾಸಿದ. ಅಂಚು ಇನ್ನೂ ದೊಡ್ಡದಿರಲಿ ಎಂದೆ. ಅವನು ರಾಶಿಯಿಂದ ಇನ್ನಷ್ಟು ಎಳೆದು ಹಾಕಿ ಬೇರೆ ಗಿರಾಕಿಯ ಕಡೆ ಹೋದ. ದೊಡ್ಡ ಜರಿಯಂಚಿನದೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ.

ಅಲ್ಲಿ ತಟ್ಟೆಯಲ್ಲಿಟ್ಟು ಬಿಚ್ಚಿದಾಗ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾವನ ಸೋದರತ್ತೆ, ಅರ್ಧ ತೆಲುಗಿನ ಮುದುಕಿ, ಮೂಗಿನ ಮೇಲೆ ಬೆರಳಿಟ್ಟಳು. "ಏಮಪ್ಪಾ ಇದಿ? ಹುಣಸೆಹಣ್ಣು ಬಣ್ಣ ಸೀರೆ! ಮೀ ಊರಾಗೆ ಸೀಮಂತಕ್ಕೆ ಇದೇನಾ ಉಡ್ಸೋದು?"

ಇನ್ನೊಬ್ಬಳು, "ತಮ್ಮಯ್ಯ ದಾರೀಲಿ ಹಾಕ್ಕೊಂಡ್ ಬಂದಿರ್ಬೇಕು ಬುಡಮ್ಮ" ಅಂದಳು. ಎಲ್ಲರೂ ನಕ್ಕರು.

ನಾನು ಆವತ್ತು ಕುಡಿದಿರಲಿಲ್ಲ. ಆದರೂ ತಲೆ ತಗ್ಗಿಸಿ, ಕುಡಿದವನ ಹಾಗೇ ಒಂದು ಪೆಚ್ಚು ನಗೆ ನಕ್ಕೆ. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಒಳಗೆ ಹೋಗಿ ಯಾರದೋ ಹಸಿರು ಸೀರೆ ಉಟ್ಟು ಬಂದು ಮಣೆಯ ಮೇಲೆ ಕೂತಳು. ಆ ಸೀರೆಯ ಮಾತನ್ನು ಅವಳು ಮತ್ತೆ ಯಾವತ್ತೂ ಎತ್ತಲಿಲ್ಲ.

ಮಗು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ನಾನು ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಕಣ್ಣಿನ ಸರ್ಟಿಫಿಕೇಟು ಬೇಕೆಂದರು. ಶಿರಾದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆ. ಅಲ್ಲಿ ಚುಕ್ಕಿಚುಕ್ಕಿಯ ಒಂದು ಪುಸ್ತಕ ತೆರೆದು, ಒಳಗೆ ಯಾವ ಅಂಕಿ ಇದೆ ಹೇಳು ಎಂದರು. ನನಗೆ ಬರೀ ಚುಕ್ಕಿ ಕಂಡವು. ಬಾಗಿಲ ಹತ್ತಿರ ನಿಂತಿದ್ದ ಕಾಂಪೌಂಡರ್ ಸಾಬರು, "ಕ್ಯಾ ಭಾಯ್, ಸಾಫ್ ಐತಲ್ಲ, ಇಷ್ಟ್ ದೊಡ್ಡದು ಬರ್ದವ್ರೆ!" ಎಂದರು. ಡಾಕ್ಟರು ಮಾತ್ರ ನಗಲಿಲ್ಲ. ಕೂರಿಸಿ ತಿಳಿಯುವ ಹಾಗೆ ಹೇಳಿದರು. ಇದು ಹುಟ್ಟಿನಿಂದ ಬಂದದ್ದು, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ, ನಿಮಗೆ ಅಕ್ಕತಂಗಿಯರಿದ್ದರೆ ಅವರ ಗಂಡುಮಕ್ಕಳಿಗೂ ಇರಬಹುದು, ಶಾಲೆಗೆ ಹಾಕುವಾಗ ಒಮ್ಮೆ ತೋರಿಸಲು ಹೇಳಿ ಎಂದರು.

ಮನೆಗೆ ಬಂದು, "ದುಡ್ಡಿದ್ದೋರ್ಗೆ ಕೊಟ್ಬುಟ್ರು ಕೆಲ್ಸವ" ಎಂದೆ. ಎಲ್ಲರೂ ನಂಬಿದರು. ಅಕ್ಕ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, ಹೋಗಲಿ ಬಿಡು ಎಂದಳು.

ಆಮೇಲೆ ಲಗೇಜು ಗಾಡಿ, ಕೊನೆಗೆ ಶಾಲೆಯ ವ್ಯಾನು. ಲೈಸೆನ್ಸು ರಿನ್ಯೂ ಮಾಡಿಸಲು ಹೋದಾಗ ನನ್ನಿಂದ ದೂರದ ಅಕ್ಷರ ಓದಿಸಿದರು, ಬಣ್ಣ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊರಟಗೆರೆ ದಾಟಿ ತುಮಕೂರಿಗೆ ಹೋದರೆ ಸಿಗ್ನಲ್ಲಿನ ಮೇಲಿನ ದೀಪ ಯಾವುದು ಕೆಳಗಿನ ದೀಪ ಯಾವುದು ಎಂದು ನೋಡಿ ನಿಲ್ಲಿಸುತ್ತೇನೆ. ಮುಂದಿನ ಗಾಡಿಯಿಂದ ಯಾವಾಗಲೂ ಜಾಸ್ತಿ ದೂರ ಇಟ್ಟುಕೊಳ್ಳುತ್ತೇನೆ. ಜೋಪಾನದ ಡ್ರೈವರು ಎಂದು ಹೆಸರು ಬಂತು.

ಅಕ್ಕನ ಮಗ ಬೆಳೆಯುವುದನ್ನು ನಾನು ಸರಿಯಾಗಿ ನೋಡಲೇ ಇಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಅಮ್ಮ ಮೇಡಮ್ಮಾದ್ದರಿಂದ ಅವನಿಗೆ ಓದು ಬೇಗ ಬಂತು. ಬಣ್ಣದ ಕಡ್ಡಿಯ ಮೇಲೆ ಹೆಸರು ಬರೆದಿರುತ್ತದಲ್ಲ, ಅದನ್ನು ಓದಿ ಎಲೆಗೆ ಹಸಿರು, ಹೂವಿಗೆ ಕೆಂಪು ಹಚ್ಚುತ್ತಿದ್ದ. ಸದ್ಯ, ಇವನಿಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕಾಲೇಜಿನಲ್ಲಿ ಪ್ರಾಜೆಕ್ಟು ತೋರಿಸಿದ ದಿನ ಸಂಜೆ ಅಕ್ಕನ ಮನೆಯಿಂದ ಕೂಗಾಟ ನಮ್ಮ ಹಿತ್ತಿಲಿಗೆ ಕೇಳಿಸಿತು. ಹೋದೆ. ಅಕ್ಕ ನಡುಮನೆಯಲ್ಲಿ ನಿಂತಿದ್ದಳು. ಅವನು ಕೋಣೆಯೊಳಗೆ ಬಾಗಿಲು ಅರ್ಧ ಮುಚ್ಚಿಕೊಂಡು ಕೂತಿದ್ದ.

"ನಿನ್ ಅಳಿಯ ಮಾಡಿರೋ ಘನಕಾರ್ಯ ಕೇಳ್ಲಾ. ಕ್ಲಾಸಿನ ಮಕ್ಕಳೆಲ್ಲ ಆರಿದ್ರೆ ಕೆಂಪು, ರೋಹಿಣಿ ಕೆಂಪು ಅಂತ ಬರ್ಕೊಂಡ್ ಬಂದವ್ರೆ. ಇವನೊಬ್ಬ ಹಳದಿ ಅಂತ ಬರ್ದವ್ನೆ. ಇವನ ಲೆಕ್ಕದಾಗೆ ಆರಿದ್ರೆ ಅದರ ನಿಜವಾದ ಗಾತ್ರದ ಮೂರನೇ ಒಂದು ಪಾಲು ಬಂದೈತೆ. ನೋಡೇ ಇಲ್ಲ, ರೂಮಲ್ಲಿ ಕೂತು ಬರ್ದಿದ್ದೀಯ ಅಂದ್ರಂತೆ ಮೇಷ್ಟ್ರು, ಎಲ್ಲರ ಮುಂದೆ. ತಪ್ಪೊಪ್ಪಿಕೊಂಡು ಬರ್ಕೊಟ್ರೆ ಇನ್ನೊಂದು ಸಲ ಮಾಡೋಕೆ ಬುಡ್ತಾರಂತೆ, ಇಲ್ದಿದ್ರೆ ಸೊನ್ನೆ. ಮೇಡಮ್ ಮಗ ಸುಳ್ಳು ಬರ್ದ ಅಂತ ನಾಳೆ ನಮ್ ಶಾಲೆವರ್ಗೂ ಬತ್ತದೆ ಮಾತು."

ಒಳಗಿನಿಂದ ಅವನು, "ನಾನು ಕಂಡಿದ್ದನ್ನೇ ಬರ್ದಿದ್ದೀನಿ. ಅವರೆಲ್ಲ ಮೊಬೈಲ್ ನೋಡಿ ಬರ್ದಿರೋದು" ಎಂದ.

"ಬಿಳಿ, ನೀಲಿ ಎಲ್ಲ ಸರಿ ಕಂಡ್ವು, ಕೆಂಪು ಮಾತ್ರ ಕಾಣ್ಲಿಲ್ವಾ? ನಿನ್ ಕಣ್ಣೇನು ಕೆಂಪು ಕಂಡ್ರೆ ಮುಚ್ಕೊತದಾ?" ಅವಳು ಅದನ್ನು ಬೈಗುಳವಾಗಿ ಹೇಳಿದಳು.

ಆಮೇಲೆ ನನ್ನ ಕಡೆ ತಿರುಗಿದಳು. ದನಿ ಇಳಿದಿತ್ತು. "ನೀನು ಬಂಡೆ ಮ್ಯಾಲೆ ಇವನ್ ಜೊತೆಗಿದ್ದೆಯಲ್ಲ. ನೀನು ಹೇಳು. ನಿಜವಾಗ್ಲೂ ನೋಡಿ ಬರ್ದ್ನಾ?"

ಒಂದು ಮಾತು ಸಾಕಾಗಿತ್ತು. ನೋಡಿದ, ನನಗೂ ಹಳದಿಯೇ ಕಂಡಿತು, ಯಾಕೆಂದರೆ ಹೀಗೆ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ತಲೆಯಲ್ಲಿ ಬಂದದ್ದು ವ್ಯಾನು, ವ್ಯಾನಿನ ಮಕ್ಕಳು, ಶಾಲೆಯ ಮಾಲೀಕರು, ಪಾವಗಡದ ಆ ನಗು.

"ಬಂಡೆ ಮ್ಯಾಲೆ ಇದ್ದ. ನಾನು ಬೀಡಿ ಸೇದ್ತಾ ಆ ಕಡೆ ಕೂತಿದ್ದೆ. ಏನ್ ನೋಡಿದ್ನೋ, ಗಮನ ಕೊಡ್ಲಿಲ್ಲ ಕಣಕ್ಕಾ."

ಬಾಗಿಲು ಪೂರ್ತಿ ತೆರೆಯಿತು. ಅವನು ಹೊರಗೆ ಬಂದು ನನ್ನನ್ನು ನೋಡಿದ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಏನೋ ಮರೆತುಹೋದದ್ದನ್ನು ನೆನಪಿಸಿಕೊಳ್ಳುವವನ ಹಾಗೆ ನೋಡಿದ. ಅವತ್ತು ಮಾವ ಪಕ್ಕದಲ್ಲೇ ಇದ್ದನೋ ಇಲ್ಲವೋ ಎಂದು ಅವನಿಗೇ ಅನುಮಾನ ಬಂದಂತಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅವತ್ತಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ದಿನ ಮುಂದಿನ ಸೀಟಿನಲ್ಲಿ ಕೂತಿದ್ದ ಪುಟ್ಟ ಹುಡುಗಿ, "ಅಂಕಲ್, ಮುಂದಿನ ಬಸ್ಸಿನ ಲೈಟ್ ಕೆಂಪಾಯ್ತು" ಎಂದು ನನಗಿಂತ ಮೊದಲು ಹೇಳಿದಳು. ಬ್ರೇಕು ಹಾಕಿದೆ, ದೂರ ಬೇಕಾದಷ್ಟಿತ್ತು, ಏನೂ ಆಗಲಿಲ್ಲ. ಆದರೆ ಇಷ್ಟು ವರ್ಷ ಜೋಪಾನ ಎಂದುಕೊಂಡಿದ್ದು ಬರೀ ಅದೃಷ್ಟವಿರಬಹುದೇ ಎಂಬ ಯೋಚನೆ ಹತ್ತಿತು. ಸಂಜೆಯಾದರೆ ಬಂಡೆಯ ಕಡೆ ಹೋಗುತ್ತಿದ್ದೆ, ಮೇಲೆ ಹತ್ತದೆ ವಾಪಸು ಬರುತ್ತಿದ್ದೆ.

"ಮೊಟ್ಟೆ ಇಡೋ ಕೋಳಿ ಆಡ್ದಂಗೆ ಆಡ್ತೀಯಲ್ಲ, ಏನಾಗೈತೆ ನಿಂಗೆ?" ಅಂದಳು ನನ್ನ ಹೆಂಡತಿ. ನನ್ನನ್ನು ಟೊಮೆಟೊ ತರಲು ಕಳಿಸುವುದನ್ನು ಅವಳು ಎಂದೋ ಬಿಟ್ಟಿದ್ದಳು. ಬೇಕೆಂದೇ ಕೆಟ್ಟದ್ದು ತರುತ್ತೇನೆ ಎಂದು ಅವಳ ಲೆಕ್ಕ.

"ಏನಿಲ್ಲ ಬುಡು."

"ಏನಿಲ್ದೆ ಇಂಗಾಯ್ತಾರಾ? ನೋಡು, ಅತ್ತಿಗೆ ಮನೇಲಿ ಹೆಂಗೋ ತಣ್ಣಗಾಯ್ತಂತೆ. ಹುಡುಗ ನಾಳೆ ಬರ್ಕೊಡ್ತಾನಂತೆ, ನಾನು ನೋಡೇ ಇಲ್ಲ, ಸುಮ್ನೆ ಬರ್ದೆ, ತಪ್ಪಾಯ್ತು ಅಂತ."

"ಯಾಕೆ? ಅವನು ನೋಡವ್ನೆ!"

"ನೋಡಿದ್ನೋ ಇಲ್ವೋ ನಂಗೇ ಈಗ ಗೊತ್ತಿಲ್ಲ ಅತ್ತೆ ಅಂದ ನನ್ಹತ್ರ. ಜೊತೇಲಿದ್ದ ಮಾವನೇ ಇಲ್ಲ ಅಂದ್ಮೇಲೆ ಅಂದ."

ಅವನು ಪ್ರಾಮಾಣಿಕವಾಗಿ ಬರೆದದ್ದಕ್ಕೆ ಸುಳ್ಳ ಎನ್ನಿಸಿಕೊಂಡಿದ್ದ. ಈಗ ಸುಳ್ಳು ಬರೆದುಕೊಟ್ಟು ಒಳ್ಳೆಯವನೆನ್ನಿಸಿಕೊಳ್ಳಲು ಹೊರಟಿದ್ದ. ಈ ವಿದ್ಯೆ ನನ್ನದು. ಕಣ್ಣು ಹುಟ್ಟಿನಿಂದ ಬಂತು, ಇದನ್ನು ನಾನೇ ಅವನಿಗೆ ದಾಟಿಸಿದೆನೇ ಎಂದುಕೊಂಡು ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದೆ.

ಬೆಳಿಗ್ಗೆ ವ್ಯಾನು ತೆಗೆಯುವ ಮೊದಲೇ ಅಕ್ಕನ ಮನೆಗೆ ಹೋದೆ. ಅವಳು ಊಟದ ಡಬ್ಬಿ ಚೀಲಕ್ಕೆ ಹಾಕುತ್ತಿದ್ದಳು. ಅವನು ಮೇಜಿನ ಮುಂದೆ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದ.

"ಅಕ್ಕಾ, ಸೀಮಂತದಾಗೆ ನಾನು ತಂದ ಸೀರೆ ಐತಾ?"

ಅವಳ ಕೈ ನಿಂತಿತು. "ಈಗ್ಯಾಕ್ಲಾ ಅದು? ಬಸ್ಸು ತಪ್ತದೆ ನಂಗೆ."

"ಐತಾ ಇಲ್ವಾ ಹೇಳು."

"ಟ್ರಂಕಿನ ತಳದಾಗಿರ್ಬೇಕು. ತವರಿಂದು ಅಂತ ಬಿಸಾಕಿಲ್ಲ, ಉಟ್ಟೂ ಇಲ್ಲ. ಯಾಕೆ, ವಾಪಸ್ ಕೊಡ್ಬೇಕಾ ಅಂಗಡಿಗೆ?"

ನಾನೇ ಟ್ರಂಕು ತೆಗೆದೆ. ಹಳೆಯ ಪಂಚೆಯಲ್ಲಿ ಸುತ್ತಿತ್ತು. ಬಿಚ್ಚಿ ಅವನ ಮುಂದೆ ಹಾಳೆಯ ಮೇಲೆ ಹರಡಿದೆ. ಆ ಸೀರೆಯನ್ನು ಅವನು ಅವತ್ತಿನವರೆಗೆ ನೋಡಿರಲಿಲ್ಲ.

"ಲೇ, ಇದ್ಯಾವ ಬಣ್ಣ?"

ಅವನು ಗೊಂದಲದಿಂದ ನನ್ನನ್ನೂ ಅವಳನ್ನೂ ನೋಡಿದ. "ಹಸಿರು" ಅಂದ. "ಸೀಮಂತದ ಸೀರೆ ಅಲ್ವಾ, ಹಸಿರೇ ಇರ್ತದೆ."

"ಸೀಮಂತದ್ದು ಅಂತ ಬ್ಯಾಡ. ಕಣ್ಣಿಗೆ ಕಂಡಿದ್ದು ಹೇಳು."

ಅವನು ಮುಖ ಹತ್ತಿರ ತಂದು, ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಅವತ್ತು ಬಂಡೆಯ ಮೇಲೆ ಆರಿದ್ರೆಯನ್ನು ನೋಡಿದ ಹಾಗೇ, ತಲೆ ವಾರೆ ಮಾಡಿ. "ಹಸಿರೇ ಮಾವ."

"ನಂಗೂ ಅಂಗೇ ಕಂಡಿತ್ತು, ಶಿರಾ ಅಂಗ್ಡೀಲಿ. ಈಗ್ಲೂ ಅಂಗೇ ಕಾಣ್ತದೆ" ಎಂದೆ. "ಅವತ್ತು ನಾನು ಕುಡಿದಿರ್ಲಿಲ್ಲ ಅಕ್ಕಾ. ಇವನು ಆರಿದ್ರೆ ನೋಡವ್ನೆ. ನಾನೂ ನೋಡಿದ್ದೀನಿ. ಇಬ್ಬರಿಗೂ ಹಳದಿಯಾಗೇ ಕಂಡದ್ದು."

ಅಕ್ಕ ಮೇಡಮ್ಮು, ಬಿಡಿಸಿ ಹೇಳಬೇಕಾಗಲಿಲ್ಲ. ಡಬ್ಬಿ ಕೈಯಲ್ಲೇ ಇತ್ತು, ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಇದು ಇವನಿಗೂ ಬರ್ತದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಅಂಬೆಗಾಲು ಇಕ್ತಿದ್ದಾಗಿಂದ. ಶಿರಾ ಡಾಕ್ಟ್ರು ಹೇಳಿದ್ರು."

ಅವಳು ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲಗೆ, "ಮೂರನೇ ಕ್ಲಾಸಿನಾಗೆ ಇವನ ಕೈಗೆ ಬರೆ ಬರಂಗೆ ಹೊಡೆದಿದ್ದೆ. ಹಿತ್ತಿಲಿಂದ ಹಣ್ಣು ಟೊಮೆಟೊ ಕಿತ್ಕೊಂಡ್ ಬಾ ಅಂದ್ರೆ ಕಾಯಿ ತಂದ, ಹೇಳಿದ್ ಮಾತು ಕೇಳಲ್ಲ ಅಂತ. ನೀನು ಅಲ್ಲೇ ಜಗಲಿ ಮ್ಯಾಲೆ ಕೂತಿದ್ದೆ" ಅಂದಳು.

"ಕೂತಿದ್ದೆ."

"ಹೊಡೀಬ್ಯಾಡ ಬುಡಕ್ಕಾ ಅಂದೆ ನೀನು. ಅಷ್ಟೇ ಅಂದೆ."

ಅವಳ ಬಸ್ಸು ಹಾರ್ನ್ ಹಾಕಿ ಹೋದದ್ದು ಕೇಳಿಸಿತು. ವ್ಯಾನಿನಲ್ಲಿ ಬಿಡುತ್ತೇನೆ ಬಾ ಎಂದೆ. ಎದ್ದು ಚೀಲ ಹೆಗಲಿಗೆ ಹಾಕಿಕೊಂಡು, "ಬ್ಯಾಡ. ನಿನ್ ಗಾಡಿ ಹತ್ತಲ್ಲ" ಎಂದು ನಡೆದೇ ಹೋದಳು. ಸಿಟ್ಟಿಗೆ ಹತ್ತಲಿಲ್ಲವೋ, ನನ್ನ ಕಣ್ಣಿಗೆ ಹೆದರಿ ಹತ್ತಲಿಲ್ಲವೋ. ಕೇಳುವ ಧೈರ್ಯ ನನಗೆ ಬಂದಿಲ್ಲ.

ಹುಡುಗನದು ಬೇರೆ ಥರ. ಅವನು ಅತ್ತುಬಿಡುತ್ತಾನೆ, ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಆ ಖಾಲಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಪ್ರಶ್ನೆಗಳ ಮಳೆ ಸುರಿಸಿದ. "ಮಾವ, ರಕ್ತ ಹೆಂಗ್ ಕಾಣ್ತದೆ ನಿಂಗೆ? ದಾಸವಾಳ ಗಿಡದಾಗೆ ಹೂವು ಹುಡುಕ್ತೀಯಾ ನೀನೂ? ನಾನು ಒಬ್ಬನೇ ಪೆದ್ದ ಅಂದ್ಕೊಂಡಿದ್ದೆ!" ಹೊರಡುವಾಗ ಮಾತ್ರ ಒಮ್ಮೆ ನಿಂತು, "ಬೀಡಿ ಸೇದ್ತಿದ್ದೆ ಅಂದಿದ್ದು ಬ್ಯಾಡ್ವಾಗಿತ್ತು" ಅಂದ. ಅಷ್ಟೇ ಹೇಳಿ ಹೋದ.

ಅವನು ಕಾಲೇಜಿಗೆ ಹೋಗಿ ಇದನ್ನೆಲ್ಲ ಹೇಳಿದಾಗ ಅವನ ಮೇಷ್ಟ್ರು ಅವನನ್ನು ಕೂರಿಸಿಕೊಂಡು, ಶಿರಾದ ಡಾಕ್ಟರು ನನಗೆ ತೋರಿಸಿದಂಥ ಚುಕ್ಕಿಚುಕ್ಕಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದರಂತೆ, ಅವನಿಗೆ ಒಳಗಿನ ಅಂಕಿ ಕಾಣಲಿಲ್ಲವಂತೆ. ಆಮೇಲೆ, ನಾನು ಅನ್ನಬಾರದ್ದು ಅಂದೆ ಎಂದರಂತೆ. ಅವರು ಇನ್ನೊಂದು ವಿಷಯವನ್ನೂ ಹೇಳಿದರು. ದೊಡ್ಡ ದೂರದರ್ಶಕ ಇಟ್ಟುಕೊಂಡವರು ಕೂಡ ಬಣ್ಣದ ವಿಷಯದಲ್ಲಿ ಯಾರ ಕಣ್ಣನ್ನೂ ನಂಬುವುದಿಲ್ಲ. ಒಂದೇ ನಕ್ಷತ್ರವನ್ನು ನೀಲಿ ಗಾಜು ಹಿಡಿದು ಒಮ್ಮೆ, ಕೆಂಪು ಗಾಜು ಹಿಡಿದು ಒಮ್ಮೆ ನೋಡಿ ಯಾವುದರಲ್ಲಿ ಎಷ್ಟು ಬೆಳಕು ಬಂತು ಎಂದು ಅಳೆಯುತ್ತಾರೆ. ನೀಲಿಯಲ್ಲಿ ಮಂಕಾಗಿ ಕೆಂಪಿನಲ್ಲಿ ಉಳಿದರೆ ಬಿಸಿ ಕಡಿಮೆ. ಅಂದರೆ ಬಣ್ಣ ಕಾಣಬೇಕೆಂದೇ ಇಲ್ಲ, ಹೊಳಪು ಗೊತ್ತಾದರೆ ಸಾಕು. ಹೊಳಪು ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಇಷ್ಟು ವರ್ಷ ಗಾಡಿ ಓಡಿಸಿರುವುದೇ ಅದರಲ್ಲಿ.

ನಾವಿಬ್ಬರೂ ಮಧುಗಿರಿಗೆ ಹೋಗಿ, ಉಡುಗೊರೆಗೆ ಸುತ್ತುವ ಹೊಳೆಯುವ ಬಣ್ಣದ ಕಾಗದ ತಂದೆವು. ಕತ್ತಲಿಗೆ ಮುಂಚೆ ನಮ್ಮ ಮನೆಯ ಜಗಲಿಯಲ್ಲಿ ಕತ್ತರಿಸುತ್ತಿದ್ದಾಗ ನನ್ನ ಹೆಂಡತಿ ಹಣೆ ಬಡಿದುಕೊಂಡಳು. ಅಷ್ಟು ಹೊತ್ತಿಗೆ ಅವಳಿಗೂ ಎಲ್ಲ ಹೇಳಿದ್ದೆ.

"ನೀಲಿ ಸರಿಯಾಗೈತೆ. ಇದನ್ನ ಏನು ಅಂತ ತಂದ್ರಿ?"

"ಕೆಂಪು" ಅಂದೆವು ಇಬ್ಬರೂ.

"ಹಸ್ರು ಕಣ್ರೋ ಇದು! ಒಬ್ಬರಿಗೆ ಇಬ್ಬರು ಹೋಗಿ ಹಸ್ರು ತಂದವ್ರೆ! ಸೀಮಂತಕ್ಕೆ ತಂದಿದ್ರೆ ಆಗಿರೋದು ಇದನ್ನ!" ಎಂದು ನಕ್ಕು ನಕ್ಕು ಗೋಡೆಗೆ ಒರಗಿದಳು. ಅವನೂ ನಕ್ಕ. ನಾನು ನಕ್ಕೆ. ಆ ವಿಷಯಕ್ಕೆ ಪೆಚ್ಚಾಗದೆ ನಕ್ಕದ್ದು ಅದೇ ಮೊದಲು. ಮಾರನೆಯ ದಿನ ಅವಳೇ ಹೋಗಿ ಕೆಂಪು ಕಾಗದ ತಂದಳು.

ಬಂಡೆಯ ಮೇಲೆ ನಾನು ಕಾಗದ ಹಿಡಿದೆ, ಅವನು ನೋಡಿದ, ಆಮೇಲೆ ಅವನು ಹಿಡಿದ, ನಾನು ನೋಡಿದೆ. ಆಗ ಕೂರಿಗೆ ಚುಕ್ಕಿಗಳು ಪಡುವಣಕ್ಕೆ ವಾಲುತ್ತಿದ್ದವು. ನೀಲಿ ಕಾಗದದಲ್ಲಿ ಕೆಳಗಿನ ಚುಕ್ಕಿ ಹಾಗೇ ನಿಂತಿತು, ಆರಿದ್ರೆ ಹೆಚ್ಚೂ ಕಡಿಮೆ ಆರಿಯೇ ಹೋಯಿತು. ಕೆಂಪಿನಲ್ಲಿ ಕೆಳಗಿನದು ಸೊರಗಿತು, ಆರಿದ್ರೆ ಉಳಿಯಿತು. ನಾನು ಅದರ ಕೆಂಪನ್ನು ಕಾಣಲಿಲ್ಲ, ಕಾಣುವುದೂ ಇಲ್ಲ. ಆದರೆ ಅದು ಕೆಂಪೆಂದು ಬೇರೆಯವರ ಬಾಯಿ ನೋಡದೆ ನನಗೇ ಗೊತ್ತಾಯಿತು. ಅವನು ಲೆಕ್ಕ ಹಾಕಿ ಹೇಳಿದ, ಇದನ್ನು ತಂದು ಸೂರ್ಯನ ಜಾಗದಲ್ಲಿಟ್ಟರೆ ನಮ್ಮ ಭೂಮಿ ಅದರ ಹೊಟ್ಟೆಯೊಳಗೆ ಹೋಗಿಬಿಡುತ್ತದೆ ಎಂದು. ತಣ್ಣಗಿರುವುದು ಇಷ್ಟು ದೂರಕ್ಕೆ ಹೊಳೆಯಬೇಕಾದರೆ ಅಷ್ಟು ಮೈ ಬೇಕಂತೆ. ಪ್ರಾಜೆಕ್ಟು ಒಪ್ಪಿಕೊಂಡರು.

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚೆ ನಾನು ಮಾಲೀಕರ ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಪೂರ್ತಿ ತೋರಿಸು, ಅವರು ಓಡಿಸಬಹುದು ಎಂದರೆ ನೋಡೋಣ, ಅಲ್ಲಿವರೆಗೆ ಸ್ಟಿಯರಿಂಗ್ ಮುಟ್ಟಬೇಡ ಎಂದರು. ತುಮಕೂರಿಗೆ ಹೋಗಿ ತೋರಿಸಿದ್ದೇನೆ, ಇನ್ನೂ ಒಂದು ಪರೀಕ್ಷೆ ಇದೆಯಂತೆ. ಈಗ ಬೇರೊಬ್ಬ ಓಡಿಸುತ್ತಾನೆ. ನಾನು ಬಾಗಿಲು ತೆಗೆದು ಮಕ್ಕಳನ್ನು ಹತ್ತಿಸಿ ಇಳಿಸುತ್ತೇನೆ. ಎಡಗಡೆಯ ಸೀಟಿನಲ್ಲಿ ಕೂತರೂ ಮುಂದಿನ ಗಾಡಿ ನಿಧಾನಿಸಿದಾಗೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ.

ನಿನ್ನೆಯಿಂದ ಆರಿದ್ರಾ ಮಳೆ ಹಿಡಿದಿದೆ. ಈ ಮಳೆಯ ದಿನಗಳಲ್ಲಿ ಆರಿದ್ರಾ ನಕ್ಷತ್ರ ಕಾಣುವುದಿಲ್ಲ, ಅದು ಸೂರ್ಯನ ಜೊತೆಗೇ ಹಗಲಿನಲ್ಲಿರುತ್ತದೆ, ಅದಕ್ಕೇ ಊರಿನವರಿಗೆ ಅದರ ಗುರುತಿಲ್ಲ ಎಂದು ಅಳಿಯ ಹೇಳಿದ.

ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹಬ್ಬದ ಹೋಳಿಗೆ ಕಳಿಸುತ್ತಾಳೆ, ಅವಳು ಬರುವುದಿಲ್ಲ. ಅವಳ ಸುದ್ದಿ ನನಗೆ ಅವನಿಂದಲೇ. ಈ ವಾರ ಅವಳು ತನ್ನ ಶಾಲೆಯ ಗಂಡುಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಮೊಬೈಲಿನಲ್ಲಿ ಚುಕ್ಕಿಚುಕ್ಕಿಯ ಆ ಚಿತ್ರ ತೋರಿಸಿ ಒಳಗಿನ ಅಂಕಿ ಕೇಳಿದಳಂತೆ. ಒಬ್ಬನಿಗೆ ಕಾಣಲಿಲ್ಲ. ಸಂಜೆ ಅವನ ತಾಯಿಯನ್ನು ಶಾಲೆಗೆ ಕರೆಸಿದಳು. ಮಗನಿಗೆ ಏನಾಗಿದೆ ಮೇಡಮ್ ಎಂದು ಆ ಹೆಂಗಸು ಗಾಬರಿಯಾಗಿ ಕೇಳಿದರೆ, ಅಕ್ಕ ಮೊದಲು ಅವಳನ್ನೇ ಒಂದು ಪ್ರಶ್ನೆ ಕೇಳಿದಳಂತೆ.

"ನಿಂಗೆ ಅಣ್ಣತಮ್ಮ ಯಾರಾದ್ರೂ ಅವ್ರೇನಮ್ಮ? ಹೋಗಿ ಅವರನ್ನ ಕೇಳು. ಗೊತ್ತಿದ್ರೂ ಹೇಳಿರಲ್ಲ."